ಎಲೆ ತಿನ್ನಲು ಬಿಟ್ಟ ಕೈತೋಟ

ಕೊಡಗಿನಲ್ಲಿ ಚಿಟ್ಟೆಗಳಿಗಾಗಿಯೇ ಗಿಡ ನೆಡುತ್ತಿದ್ದೇನೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಮನೆಯ ಸುತ್ತ ನೆರಳಿನ ಕಾಫಿ ತೋಟ, ಅದರ ಮೇಲೆ ಬಾಣೆ (ಗದ್ದೆಗೆ ಸೇರಿದ ಮರಗಾಡಿನ ಜಮೀನು), ಅದರಾಚೆ ದೇವರಕಾಡು ಇರುವ ಊರಿನಲ್ಲಿ ಚಿಟ್ಟೆಗೇನು ಬರ ಎಂದು ಅವರು ಕೇಳುವುದು ನ್ಯಾಯವಾಗಿಯೇ ಇದೆ. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳು ದಾಖಲಾಗಿವೆ. ಅವುಗಳಲ್ಲಿ ಅನೇಕವನ್ನು ಕೊಡಗಿನ ಕಾಡಂಚಿನಲ್ಲಿ ನಿಂತೇ ನೋಡಬಹುದು. ಆದರೆ ಕಾಡಂಚಿನಲ್ಲಿ ಕಾಣುವುದಕ್ಕೂ ತೋಟದ ನಡುವೆ ಕಾಣುವುದಕ್ಕೂ ಈಗ ಬಹಳ ಅಂತರವಿದೆ. ಅತ್ತಿ, ಬಸುರಿ, ನಂದಿ, ಹೊನ್ನೆ, ಬೀಟೆ ಬೆರೆತು ನಿಂತಿದ್ದ ನೆರಳಿನ ಜಾಗದಲ್ಲಿ ಹಲವೆಡೆ ಸಾಲುಸಾಲಾಗಿ ಸಿಲ್ವರ್ ಓಕ್ ಬಂದಿದೆ. ಅದು ಆಸ್ಟ್ರೇಲಿಯಾದ ಮರ. ನೇರವಾಗಿ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ ಕೊಡುತ್ತದೆ, ಕಡಿದರೆ ಹಣವೂ ಬರುತ್ತದೆ. ನಮ್ಮ ಚಿಟ್ಟೆಗಳ ಮರಿಗಳು ಅದರ ಎಲೆ ತಿನ್ನುವುದನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ಮರದ ಕೆಳಗಿನ ನೆಲದಲ್ಲಿ ಮೊದಲಿದ್ದ ತುಂಬೆ, ನಾಚಿಕೆ ಮುಳ್ಳು, ಹತ್ತಾರು ಬಗೆಯ ಹುಲ್ಲು ಕಳೆನಾಶಕದ ಸಿಂಪಡಣೆಗೆ ಹೋಗಿವೆ. ಕೂಲಿಯವರು ಸಿಗದ ಕಾಲದಲ್ಲಿ ಬೆಳೆಗಾರರು ಕಳೆನಾಶಕಕ್ಕೆ ಕೈಹಾಕಿದ್ದನ್ನು ನಾನು ದೂರುವುದಿಲ್ಲ; ಅದರ ಪರಿಣಾಮ ಏನೆಂಬುದನ್ನಷ್ಟೇ ಹೇಳುತ್ತಿದ್ದೇನೆ.

ಚೆಟ್ಟಳ್ಳಿಯ ಆಚೀಚೆ ಇರುವ ನಮ್ಮ ಮನೆಯ ಮುಂದಿನ ಅಂಗಳ, ಅದಕ್ಕೆ ತಾಗಿದ ಬರೆ (ಮಣ್ಣಿನ ಕಡಿದಾದ ಏರಿ), ಕಾಫಿ ಕಣದ ಅಂಚು ಇವಿಷ್ಟೇ ನನ್ನ ಪ್ರಯೋಗದ ಜಾಗ. ಇಲ್ಲಿ ಕೆಲಸ ಮಾಡುತ್ತ ನನಗೆ ದೃಢವಾದ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಹೂವಿನ ಗಿಡ ನೆಟ್ಟರೆ ಚಿಟ್ಟೆ ಬಂದು ಹೋಗುತ್ತದೆ. ಅದರ ಮರಿಹುಳು ತಿನ್ನುವ ಎಲೆಯ ಗಿಡ ನೆಟ್ಟರೆ ಮಾತ್ರ ಅದು ಅಲ್ಲಿ ಸಂಸಾರ ಹೂಡುತ್ತದೆ. ಬೆಳೆದ ಚಿಟ್ಟೆಗೆ ಮಕರಂದ ಯಾವ ಹೂವಿನದಾದರೂ ಹೆಚ್ಚು ಕಡಿಮೆ ನಡೆಯುತ್ತದೆ, ಆದರೆ ಮೊಟ್ಟೆಯಿಂದ ಹೊರಬಂದ ಮರಿಗೆ ಹಾಗಲ್ಲ. ಹೆಚ್ಚಿನ ಜಾತಿಗಳಲ್ಲಿ ಮರಿ ಒಂದೇ ಗಿಡವನ್ನೋ, ಒಂದೇ ಕುಟುಂಬಕ್ಕೆ ಸೇರಿದ ಕೆಲವೇ ಗಿಡಗಳನ್ನೋ ತಿಂದು ಬದುಕುತ್ತದೆ. ಹೆಣ್ಣು ಚಿಟ್ಟೆ ಎಲೆಯ ಮೇಲೆ ಕುಳಿತು ಮುಂಗಾಲುಗಳಿಂದ ತಟಪಟನೆ ಬಡಿಯುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಅರ್ಥವಾಗುತ್ತದೆ. ಅದು ಕಾಲಿನಲ್ಲಿರುವ ರುಚಿ ತಿಳಿಯುವ ಅಂಗಗಳಿಂದ ಎಲೆಯ ರಸವನ್ನು ಪರೀಕ್ಷಿಸುತ್ತಿರುತ್ತದೆ. ಗಿಡ ತನ್ನದಲ್ಲ ಎಂದು ತಿಳಿದರೆ ಮೊಟ್ಟೆಯಿಡದೆ ಮುಂದಿನ ಎಲೆಗೆ ಹಾರುತ್ತದೆ. ಹೀಗಾಗಿ ಚಿಟ್ಟೆಯ ತೋಟ ಮಾಡುವವರು ನರ್ಸರಿಗೆ ಹೋಗುವ ಮುನ್ನ ತಮ್ಮ ಗಿಡದ ಎಲೆಗಳು ತೂತಾಗುವುದನ್ನು ನೋಡಿ ಸುಮ್ಮನಿರುವ ಅಭ್ಯಾಸ ಮಾಡಿಕೊಳ್ಳಬೇಕು. ತೂತು ಬೀಳದ ಚಿಟ್ಟೆಯ ತೋಟ ಬರೀ ಹೂವಿನ ತೋಟ.

ಎಲ್ಲಕ್ಕಿಂತ ಮೊದಲು ನೆಡಬೇಕಾದದ್ದು ಈಶ್ವರ ಬಳ್ಳಿ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈ ಬಳ್ಳಿಯ ಮೇಲೆ ಮತ್ತು ಇದರ ಹತ್ತಿರದ ಬಂಧುಗಳ ಮೇಲೆ ಮಾತ್ರ. ರೆಕ್ಕೆ ಹರಡಿದರೆ 14ರಿಂದ 19 ಸೆಂಟಿಮೀಟರ್ ಅಗಲವಾಗುವ, ಕಪ್ಪು ಮುಂರೆಕ್ಕೆ ಮತ್ತು ಹೊಳೆಯುವ ಹಳದಿ ಹಿಂರೆಕ್ಕೆಯ ಈ ಚಿಟ್ಟೆ ಮರಗಳ ನೆತ್ತಿಯ ಮಟ್ಟದಲ್ಲಿ ಹಾರುತ್ತದೆ. ಬೆಳಗಿನ ಬಿಸಿಲಿಗೆ ಕೆಳಗಿಳಿದು ಹೂ ಹುಡುಕುತ್ತದೆ. ಹಾರುವಾಗ ಅದನ್ನು ಸಣ್ಣ ಹಕ್ಕಿಯೆಂದು ತಿಳಿದು ಕತ್ತು ತಿರುಗಿಸಿದವರನ್ನು ನಾನು ಬಲ್ಲೆ. ಈಶ್ವರ ಬಳ್ಳಿಯನ್ನು ಬೀಜದಿಂದಲೂ ಕಡ್ಡಿಯಿಂದಲೂ ಬೆಳೆಸಬಹುದು. ಅದರ ಕಾಯಿ ಒಣಗಿದಾಗ ಬುಡದ ಕಡೆಯಿಂದ ಬಿರಿದು, ದಾರಗಳಿಗೆ ನೇತುಹಾಕಿದ ಪುಟ್ಟ ಬುಟ್ಟಿಯಂತೆ ತೂಗಾಡುತ್ತದೆ. ಒಳಗಿನ ಚಪ್ಪಟೆ ಬೀಜಗಳು ಗಾಳಿಗೆ ಚೆದುರುವ ಮೊದಲೇ ತೆಗೆದಿಟ್ಟುಕೊಳ್ಳಬೇಕು. ಒಂದೇ ಬಳ್ಳಿ ನೆಟ್ಟು ಕಾಯುವುದರಲ್ಲಿ ಅರ್ಥವಿಲ್ಲ. ಬರ್ಡ್‌ವಿಂಗ್‌ನ ಮರಿ ದೊಡ್ಡದು, ಅದರ ಹಸಿವು ಇನ್ನೂ ದೊಡ್ಡದು. ಎಲೆ ಮುಗಿದರೆ ಎಳೆಯ ಕಾಂಡವನ್ನೂ ಕಡಿದು ಹಾಕುತ್ತದೆ. ಬೇಲಿಯುದ್ದಕ್ಕೂ ಸಾಕಷ್ಟು ಅಂತರ ಬಿಟ್ಟು ಹಲವು ಬಳ್ಳಿಗಳನ್ನು ಹಬ್ಬಿಸಿದರೆ ಒಂದು ಬೋಳಾದಾಗ ಇನ್ನೊಂದು ಚಿಗುರಿರುತ್ತದೆ. ಬೋಳಾದ ಬಳ್ಳಿಯನ್ನು ಸತ್ತಿತೆಂದು ಕಿತ್ತು ಹಾಕಬೇಡಿ. ಬೇರು ಗಟ್ಟಿಯಿದ್ದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ.

ಇದೇ ಬಳ್ಳಿಗೆ ಕ್ರಿಮ್ಸನ್ ರೋಸ್ ಮತ್ತು ಕಾಮನ್ ರೋಸ್ ಎಂಬ ಎರಡು ಚಿಟ್ಟೆಗಳೂ ಬರುತ್ತವೆ. ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವನ್ನು ಇವುಗಳ ಮರಿಗಳು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ, ಆದ್ದರಿಂದ ಒಮ್ಮೆ ತಿಂದ ಹಕ್ಕಿ ಮತ್ತೆ ಮುಟ್ಟುವುದಿಲ್ಲ. ಈ ರಕ್ಷಣೆಯ ಲಾಭವನ್ನು ವಿಷವೇ ಇಲ್ಲದ ಇನ್ನೊಂದು ಚಿಟ್ಟೆ ಪಡೆಯುತ್ತದೆ. ನಮ್ಮ ಕರಿಬೇವಿನ ಗಿಡದಲ್ಲಿ ಬೆಳೆಯುವ ಕಾಮನ್ ಮಾರ್ಮನ್‌ನ ಹೆಣ್ಣುಗಳಲ್ಲಿ ಒಂದು ಬಗೆ ಕಾಮನ್ ರೋಸ್‌ನ ವೇಷವನ್ನೂ, ಇನ್ನೊಂದು ಬಗೆ ಕ್ರಿಮ್ಸನ್ ರೋಸ್‌ನ ವೇಷವನ್ನೂ ತೊಟ್ಟಿರುತ್ತವೆ. ಈಶ್ವರ ಬಳ್ಳಿ ಮತ್ತು ಕರಿಬೇವು ಅಕ್ಕಪಕ್ಕದಲ್ಲಿದ್ದರೆ ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸುವ ಕೆಲಸದಲ್ಲಿಯೇ ಒಂದು ಬೆಳಗು ಕಳೆಯುತ್ತದೆ. ಮೈಯ ಬಣ್ಣ ನೋಡಿ: ರೋಸ್ ಚಿಟ್ಟೆಗಳ ಹೊಟ್ಟೆ ಕೆಂಪು, ಮಾರ್ಮನ್‌ನ ಹೊಟ್ಟೆ ಕಪ್ಪು. ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಈಶ್ವರ ಬಳ್ಳಿಯನ್ನು ಹಾವಿನ ಕಡಿತಕ್ಕೆ, ಹೊಟ್ಟೆನೋವಿಗೆ ಮನೆಮದ್ದಾಗಿ ಕೊಡುವ ರೂಢಿ ನಮ್ಮ ಕಡೆ ಇದೆ. ಇದರ ಆಮ್ಲ ಮೂತ್ರಪಿಂಡವನ್ನು ಹಾಳು ಮಾಡುವಂಥದ್ದು ಮತ್ತು ಕ್ಯಾನ್ಸರ್‌ಕಾರಕ ಎಂಬುದು ವೈದ್ಯಕೀಯವಾಗಿ ಸಾಬೀತಾಗಿದೆ. ಬಳ್ಳಿಯನ್ನು ಚಿಟ್ಟೆಗೆ ಬಿಡಿ, ಕಷಾಯಕ್ಕೆ ಬೇಡ.

ಎರಡನೆಯ ಗುಂಪು ಕಿತ್ತಳೆಯದು. 2006ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕೊಡಗಿನ ಕಿತ್ತಳೆ, ಕೈಪುಳಿ ಎಂಬ ಹುಳಿ ಕಿತ್ತಳೆ, ನಿಂಬೆ, ಚಕ್ಕೋತ, ಹೆರಳೆ ಎಲ್ಲವೂ ಒಂದೇ ಕುಟುಂಬದವು, ಕರಿಬೇವೂ ಅದೇ ಕುಟುಂಬದ್ದು. ನಿಂಬೆ ಚಿಟ್ಟೆ, ಕಾಮನ್ ಮಾರ್ಮನ್, ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಬಳಿದಂತಿರುವ ಬ್ಲೂ ಮಾರ್ಮನ್ ಇವೆಲ್ಲ ಈ ಗಿಡಗಳ ಎಳೆ ಚಿಗುರನ್ನು ಹುಡುಕಿಕೊಂಡು ಬರುತ್ತವೆ. ನಿಂಬೆ ಚಿಟ್ಟೆ ತಿಳಿಹಳದಿ ಬಣ್ಣದ, ಒಂದು ಮಿಲಿಮೀಟರಿನಷ್ಟಿರುವ ಗುಂಡು ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಹೊರಬಂದ ಮರಿಯನ್ನು ಮೊದಲ ಸಲ ನೋಡುವವರು ಹಕ್ಕಿಯ ಹಿಕ್ಕೆಯೆಂದು ತಿಳಿದು ಬಿಟ್ಟುಬಿಡುತ್ತಾರೆ. ಕಂದು ಮೈ, ನಡುವೆ ಬಿಳಿಯ ಪಟ್ಟೆ, ಮೇಲೆ ಒದ್ದೆ ಹೊಳಪು, ಎಲ್ಲವೂ ಹಾಗೆಯೇ ಇದೆ. ಕೊನೆಯ ಸಲ ಪೊರೆ ಕಳಚಿದ ಮೇಲೆ ಅದೇ ಮರಿ ಎಲೆಯಷ್ಟೇ ಹಸಿರಾಗುತ್ತದೆ. ಆಗ ಅದರ ಬೆನ್ನನ್ನು ಹುಲ್ಲುಕಡ್ಡಿಯಿಂದ ಮೆತ್ತಗೆ ಮುಟ್ಟಿದರೆ ತಲೆಯ ಹಿಂಬದಿಯಿಂದ ಕೆಂಪು ಕಿತ್ತಳೆ ಬಣ್ಣದ, ಎರಡು ಕವಲಿನ, ತೇವದ ಕೊಂಬೊಂದು ಹೊರಚಾಚುತ್ತದೆ. ಅದರೊಡನೆ ಕೊಳೆತ ಹಣ್ಣಿನ ಹುಳಿ ವಾಸನೆಯೂ ಬರುತ್ತದೆ. ಇರುವೆ, ಕಣಜಗಳನ್ನು ಓಡಿಸಲು ಅದು ಬಳಸುವ ಆಯುಧ ಇದು. ಕಡ್ಡಿ ತೆಗೆದ ಸ್ವಲ್ಪ ಹೊತ್ತಿಗೆ ಕೊಂಬು ಒಳಗೆ ಸೇರಿಕೊಂಡು, ಮರಿ ಏನೂ ನಡೆದಿಲ್ಲವೆಂಬಂತೆ ಎಲೆಯ ಅಂಚಿಗೆ ಮರಳುತ್ತದೆ.

ಕಿತ್ತಳೆ ಬೆಳೆಗಾರರು ಈ ಮರಿಯನ್ನು ಕೀಟವೆಂದೇ ಕರೆಯುತ್ತಾರೆ, ಅದರಲ್ಲಿ ಸುಳ್ಳೇನೂ ಇಲ್ಲ. ಹೊಸದಾಗಿ ನೆಟ್ಟ ಕಸಿ ಗಿಡಕ್ಕೆ ನಾಲ್ಕೈದು ಮರಿ ಹತ್ತಿದರೆ ಚಿಗುರು ಉಳಿಯುವುದಿಲ್ಲ. ದೊಡ್ಡ ಮರಕ್ಕೆ ಮಾತ್ರ ಇದರಿಂದ ಲೆಕ್ಕಕ್ಕೆ ಬರುವ ನಷ್ಟವಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ಒಪ್ಪಂದ ನಡೆಯುತ್ತಿದೆ: ಕಸಿ ಕಿತ್ತಳೆಯ ಮೇಲೆ ಕಂಡ ಮರಿಗಳನ್ನು ಎಲೆ ಸಮೇತ ಚಿವುಟಿ ಹಿತ್ತಿಲಿನ ಹಳೆಯ ಕೈಪುಳಿ ಮರಕ್ಕೆ ಸಾಗಿಸುವುದು. ಕೈಪುಳಿ ಪಜ್ಜಿ ಮಾಡುವ ಮನೆಯವರಿಗೆ ಹಣ್ಣಿನ ಮೇಲಷ್ಟೇ ಕಣ್ಣು, ಎಲೆಯ ಮೇಲಿಲ್ಲ. ಹೊಸದಾಗಿ ತೋಟ ಮಾಡುವವರು ಬೀಜದಿಂದ ಹುಟ್ಟಿದ ಎರಡು ಮೂರು ಕೈಪುಳಿಯನ್ನೋ ಚಕ್ಕೋತವನ್ನೋ ಮರಿಗಳ ಪಾಲಿಗೆಂದೇ ಬಿಟ್ಟರೆ ಚಿಟ್ಟೆಗೂ ಕಿತ್ತಳೆಗೂ ಜಗಳ ಬರುವುದಿಲ್ಲ.

ಉಳಿದ ಎಲೆಗಳ ವಿಷಯವನ್ನು ಬೇಗ ಹೇಳಬಹುದು, ಏಕೆಂದರೆ ಹೆಚ್ಚಿನವು ಕೊಡಗಿನ ಮನೆಗಳ ಸುತ್ತ ಈಗಾಗಲೇ ಇವೆ. ಸಂಪಿಗೆಗೂ ಸೀತಾಫಲಕ್ಕೂ ಹಸಿರು ಚುಕ್ಕೆಗಳ ಟೇಲ್ಡ್ ಜೇ ಬರುತ್ತದೆ. ದಾಲ್ಚಿನ್ನಿಗೆ ಕಾಮನ್ ಬ್ಲೂಬಾಟಲ್, ಮಾವಿಗೆ ಕಾಮನ್ ಬ್ಯಾರನ್, ಕಕ್ಕೆ ಮರಕ್ಕೆ ತಿಳಿಹಳದಿಯ ಎಮಿಗ್ರಂಟ್ ಬರುತ್ತವೆ. ಅರಿಶಿನ, ಶುಂಠಿಯ ಎಲೆ ಮಡಿಸಿಕೊಂಡಿದ್ದರೆ ಒಳಗಿರುವುದು ಗ್ರಾಸ್ ಡೀಮನ್‌ನ ಮರಿ. ಎಕ್ಕದ ಗಿಡ ಪ್ಲೇನ್ ಟೈಗರ್‌ಗೆ ತವರು, ಆದರೆ ಅದು ಕುಶಾಲನಗರದ ಕಡೆಯ ಒಣ ಸೀಮೆಯಲ್ಲಿ ಬೆಳೆದಂತೆ ಭಾಗಮಂಡಲದ ಮಳೆಯಲ್ಲಿ ಬೆಳೆಯುವುದಿಲ್ಲ. ನೆಡುವವರು ಅದರ ಹಾಲು ಕಣ್ಣಿಗೆ ತಾಗದಂತೆ ಜಾಗ್ರತೆ ವಹಿಸಬೇಕು. ಒಂದು ಗಿಡದ ಬಗ್ಗೆ ಮಾತ್ರ ಸ್ವಲ್ಪ ವಾದಿಸಬೇಕಾಗಿದೆ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಮಾಡುವಾಗ ಮರಗಳ ಮೇಲಿನ ಬಂದಳಿಕೆಯನ್ನು ಕಂಡಲ್ಲಿ ಕಡಿಯುವುದು ನಮ್ಮ ಪದ್ಧತಿ, ಮರದ ರಸ ಹೀರುವ ಗಿಡವಾದ್ದರಿಂದ ಅದು ಸರಿಯೂ ಹೌದು. ಆದರೆ ಹಳದಿ, ಬಿಳಿ, ಕೆಂಪು ಬಣ್ಣಗಳ ಜೆಜೆಬೆಲ್ ಚಿಟ್ಟೆಯ ಮರಿಗಳು ಗುಂಪುಗುಂಪಾಗಿ ಬೆಳೆಯುವುದು ಬಂದಳಿಕೆಯ ಎಲೆಯ ಮೇಲೆಯೇ. ತೋಟದ ಗಡಿಯಲ್ಲಿರುವ, ನಾಟಾಕ್ಕೂ ನೆರಳಿಗೂ ಬಾರದ ಒಂದು ಮರದ ಮೇಲೆ ಅದನ್ನು ಉಳಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಇನ್ನು ಹೂವು. ಹೂವಿನ ವಿಷಯದಲ್ಲಿ ನರ್ಸರಿಯವರ ಸಲಹೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಏಕೆಂದರೆ ಅವರು ಮಾರುವುದು ನಮ್ಮ ಕಣ್ಣಿಗೆ ಬೇಕಾದ ಹೂವು. ಸುತ್ತು ಸುತ್ತಾಗಿ ಎಸಳು ತುಂಬಿದ ಚೆಂಡುಹೂ, ಜೋಡಿ ದಾಸವಾಳಗಳಲ್ಲಿ ಒಳಗಿನ ಕಿರುಹೂಗಳೋ ಕೇಸರಗಳೋ ಎಸಳಾಗಿ ಮಾರ್ಪಟ್ಟಿರುತ್ತವೆ. ಮಕರಂದ ಇದ್ದರೂ ಕೀಟಕ್ಕೆ ಅದು ಎಟಕುವುದಿಲ್ಲ. ಒಂಟಿ ಸುತ್ತಿನ ಜಿನ್ನಿಯಾ, ಕಾಸ್ಮಸ್, ನಾಟಿ ಚೆಂಡುಹೂ ಇದಕ್ಕಿಂತ ಎಷ್ಟೋ ಮೇಲು. ದೊಡ್ಡ ಚಿಟ್ಟೆಗಳಿಗೆ ಉದ್ದ ಕೊಳವೆಯ ಹೂವುಗಳು ಬೇಕು: ಕೇಪಳ, ಕಾಡು ಮುಸ್ಸೆಂಡ, ಅಂತಸ್ತು ಅಂತಸ್ತಾಗಿ ಅರಳುವ ರಥಪುಷ್ಪ ಇವು ಬರ್ಡ್‌ವಿಂಗ್, ಮಾರ್ಮನ್‌ಗಳನ್ನು ಮರದ ನೆತ್ತಿಯಿಂದ ಅಂಗಳಕ್ಕೆ ಇಳಿಸುತ್ತವೆ. ಸಣ್ಣ ಕೀಟಗಳ ಬಾಯಿ ಚಿಕ್ಕದು. ಅವುಗಳಿಗೆ ತುಂಬೆ, ತುಳಸಿ, ಕಾಮಕಸ್ತೂರಿ, ಹೂಬಿಟ್ಟ ಕೊತ್ತಂಬರಿ, ಸಬ್ಬಸಿಗೆ ಸರಿಯಾಗುತ್ತವೆ. ಲಂಟಾನ ನೆಡುವುದು ಬೇಡ. ಅದರ ಹೂವಿಗೆ ಚಿಟ್ಟೆ ಮುತ್ತುತ್ತದೆ ಎಂಬುದು ನಿಜ, ಆದರೆ ಹಕ್ಕಿ ತಿಂದ ಹಣ್ಣಿನ ಬೀಜ ಎಲ್ಲೆಲ್ಲಿ ಬೀಳುತ್ತದೋ ಅಲ್ಲೆಲ್ಲ ಪೊದೆ ಕಟ್ಟಿ, ಮರಿಗಳಿಗೆ ಎಲೆ ಕೊಡುವ ಗಿಡಗಳನ್ನು ಮುಚ್ಚಿ ಹಾಕುತ್ತದೆ. ನಾಗರಹೊಳೆಯ ಕಾಡಿನೊಳಗೆ ಅದು ಏನು ಮಾಡಿದೆ ಎಂಬುದನ್ನು ಕಂಡ ಮೇಲೂ ಅಂಗಳಕ್ಕೆ ತರಲು ನನಗೆ ಮನಸ್ಸಾಗುವುದಿಲ್ಲ.

ಗಂಡು ಚಿಟ್ಟೆಗಳ ಒಂದು ವಿಚಿತ್ರ ಅಗತ್ಯಕ್ಕಾಗಿ ಅಪ್ಸೆಣಬನ್ನೂ ಅದರ ಕಾಡು ಬಂಧುವಾದ ಗಿಲಿಗಿಲಿ ಗಿಡವನ್ನೂ ಬೆಳೆಯಬೇಕು. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳು ಮುಂಗಾರಿಗೆ ಮೊದಲು ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿಗೂ ಪೂರ್ವ ಘಟ್ಟಕ್ಕೂ ಹಾರಿಹೋಗಿ, ಮಳೆ ಮುಗಿದ ಮೇಲೆ ಮರಳುತ್ತವೆ. ಈ ಗುಂಪಿನ ಗಂಡುಗಳು ಅಪ್ಸೆಣಬಿನ ಒಣಗಿದ ಅಥವಾ ಗಾಯಗೊಂಡ ಎಲೆ, ಕಾಯಿಗಳನ್ನು ಕಾಲಿನಿಂದ ಕೆರೆದು, ಅದರಿಂದ ಒಸರುವ ಆಲ್ಕಲಾಯ್ಡನ್ನು ಹೀರುತ್ತವೆ. ಹೆಣ್ಣನ್ನು ಒಲಿಸುವ ಪರಿಮಳ ತಯಾರಾಗುವುದು ಈ ವಸ್ತುವಿನಿಂದ. ಹಸಿರೆಲೆ ಗೊಬ್ಬರವೆಂದು ಗದ್ದೆಗೆ ಚೆಲ್ಲುವ ಬೀಜದಲ್ಲಿ ಒಂದು ಹಿಡಿಯನ್ನು ಬೇಲಿಯ ಬದಿಗೆ ಹಾಕಿದರೆ ಸಾಕು. ಉತ್ತು ಮಣ್ಣಿಗೆ ಸೇರಿಸದೆ, ಒಣಗಿದ ಗಿಡವನ್ನು ಹಾಗೆಯೇ ನಿಲ್ಲಲು ಬಿಡಿ.

ಜಾಗದ ಆಯ್ಕೆಯಲ್ಲಿ ಕೊಡಗಿನ ಹವೆಗೆ ತಕ್ಕ ಲೆಕ್ಕಾಚಾರ ಬೇಕು. ಚಿಟ್ಟೆಗೆ ಮೈ ಬಿಸಿಯಾಗದೆ ಹಾರಲಾಗುವುದಿಲ್ಲ, ಆದ್ದರಿಂದ ಬೆಳಗಿನ ಬಿಸಿಲು ಬೀಳುವ ಪೂರ್ವ ಅಥವಾ ಆಗ್ನೇಯ ದಿಕ್ಕಿನ ಅಂಗಳ ಒಳ್ಳೆಯದು. ಮುಂಗಾರಿನ ಗಾಳಿ ಬೀಸುವುದು ನೈಋತ್ಯದಿಂದ. ಆ ಕಡೆಗೆ ಕಿತ್ತಳೆ, ಕೇಪಳಗಳ ದಟ್ಟ ಬೇಲಿ ಇದ್ದರೆ ಒಳಗಿನ ಹೂಗಿಡಗಳು ನೆಲ ಕಚ್ಚುವುದಿಲ್ಲ. ಬಳ್ಳಿ, ಮರಗಳನ್ನು ಮೇ ತಿಂಗಳ ಮಳೆಗೆ ನೆಟ್ಟು, ಜೋರು ಮಳೆ ಹಿಡಿಯುವ ಮೊದಲೇ ಬೇರು ಬಿಡಲು ಬಿಡಬೇಕು. ಹೂವಿನ ಬೀಜವನ್ನು ಜುಲೈ, ಆಗಸ್ಟ್‌ನ ಕಕ್ಕಡ ಮಾಸದ ಮಳೆಯಲ್ಲಿ ಚೆಲ್ಲುವುದೆಂದರೆ ಕೊಳೆಸಲು ಚೆಲ್ಲಿದಂತೆಯೇ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬ ಕಳೆದು ಬಿಸಿಲು ಇಣುಕಿದ ಮೇಲೆ ಹಾಕಿದರೆ ನವೆಂಬರ್, ಡಿಸೆಂಬರ್‌ನ ಸುಗ್ಗಿ ಹಬ್ಬವಾದ ಪುತ್ತರಿಯ ಹೊತ್ತಿಗೆ ಅಂಗಳ ತುಂಬ ಹೂವಿರುತ್ತದೆ. ಮಡಿಕೇರಿಯ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದರಿಂದ ನೀರು ನಿಲ್ಲದಂತೆ ಮಡಿ ಎತ್ತರಿಸುವುದು ಅನಿವಾರ್ಯ. ಬರೆಯನ್ನು ಮಾತ್ರ ಕೆದಕಬೇಡಿ. ಅಲ್ಲಿ ತಾನಾಗಿ ಬೆಳೆಯುವ ಹುಲ್ಲು, ಕಾಡು ಕರ್ಣಕುಂಡಲ, ಜರಿಗಿಡಗಳು ಮಣ್ಣನ್ನೂ ಹಿಡಿಯುತ್ತವೆ, ಬುಷ್‌ಬ್ರೌನ್ ಮೊದಲಾದ ಕಂದು ಚಿಟ್ಟೆಗಳ ಮರಿಗಳಿಗೆ ಹುಲ್ಲನ್ನೂ ಒದಗಿಸುತ್ತವೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತೊರೆಯ ಬದಿಯ ಒದ್ದೆ ಮರಳಿನ ಮೇಲೆ ಚಿಟ್ಟೆಗಳು ಗುಂಪಾಗಿ ಕುಳಿತಿರುವುದನ್ನು ಎಲ್ಲರೂ ನೋಡಿರುತ್ತಾರೆ. ಅವುಗಳಲ್ಲಿ ಬಹುತೇಕ ಗಂಡುಗಳೇ. ಎಲೆ, ಹೂವುಗಳಲ್ಲಿ ಸಿಗದ ಉಪ್ಪಿನಂಶವನ್ನು ಮಣ್ಣಿನಿಂದ ಹೀರಿ, ಕೂಡುವಾಗ ಹೆಣ್ಣಿಗೆ ದಾಟಿಸುತ್ತವೆ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಮರಳು ತುಂಬಿ, ಚಿಟಿಕೆ ಉಪ್ಪು, ಸ್ವಲ್ಪ ಬೂದಿ ಹಾಕಿ ತೇವವಾಗಿಟ್ಟರೆ ಅಂಗಳದಲ್ಲಿಯೂ ಅವು ಇಳಿಯುತ್ತವೆ. ಬ್ಯಾರನ್, ಬ್ಲೂ ಓಕ್‌ಲೀಫ್, ನವಾಬ್‌ಗಳಂಥ ಚಿಟ್ಟೆಗಳು ಹೂವಿಗಿಂತ ಕೊಳೆತ ಹಣ್ಣಿಗೇ ಒಲಿಯುತ್ತವೆ. ಬೇರೆ ಊರಿನ ಬರಹಗಳಲ್ಲಿ ಹಲಸಿನ ಹಣ್ಣನ್ನು ಇಡಿ ಎಂಬ ಸಲಹೆ ಇರುತ್ತದೆ. ಕೊಡಗಿನಲ್ಲಿ ಆ ಕೆಲಸ ಮಾಡಬೇಡಿ. ಹಲಸಿನ ವಾಸನೆಗೆ ಚಿಟ್ಟೆಗಿಂತ ಮೊದಲು ಆನೆ ಬರುತ್ತದೆ. ಆನೆಯ ಭಯಕ್ಕೆ ಎಳೆಗಾಯಿಯಲ್ಲಿಯೇ ಹಲಸನ್ನು ಕೊಯ್ದು ಹಾಕುವ ತೋಟಗಳ ನಡುವೆ ನಾವು ಬದುಕುತ್ತಿದ್ದೇವೆ. ಎರಡು ಕಳಿತ ಬಾಳೆಹಣ್ಣನ್ನು ಎತ್ತರದಲ್ಲಿ ತೂಗುಹಾಕಿ, ಸಂಜೆ ತೆಗೆದುಬಿಡುವುದು ಜಾಣತನ.

ಚಿಟ್ಟೆಗೆಂದು ಮಾಡಿದ ಈ ತೋಟದಿಂದ ನಮ್ಮ ಕಾಫಿಗೆ ಆಗಿರುವ ಉಪಕಾರ ಚಿಟ್ಟೆಯದಲ್ಲ, ಅದರ ಜೊತೆಗೆ ಬಂದ ಸಣ್ಣ ಹುಳುಗಳದು. ಕೊತ್ತಂಬರಿ ಹೂವಿನ ಮೇಲೆ ನಿಂತಲ್ಲಿಯೇ ತೇಲುವ, ಜೇನಿನಂತೆ ಪಟ್ಟೆಯಿರುವ ಆದರೆ ಎರಡೇ ರೆಕ್ಕೆಯ ಹೂನೊಣವನ್ನು ಗಮನಿಸಿ. ಹೆಣ್ಣಿಗೆ ಮೊಟ್ಟೆ ಬಲಿಯಲು ಪರಾಗ ಬೇಕು. ಪರಾಗ ತಿಂದು ಅದು ಮೊಟ್ಟೆಯಿಡುವುದು ಗಿಡಹೇನುಗಳ ಗುಂಪಿನ ನಡುವೆ. ಕಾಲಿಲ್ಲದ ಅದರ ಮರಿ ಹೇನುಗಳನ್ನು ಒಂದೊಂದಾಗಿ ಹಿಡಿದು ಹೀರಿ ಹಾಕುತ್ತದೆ. ಎಲೆಯ ಅಡಿಯಲ್ಲಿ ಕೂದಲೆಳೆಯ ತುದಿಗೆ ಒಂದೊಂದು ಬಿಳಿ ಮೊಟ್ಟೆ ನಿಂತಿದ್ದರೆ ಅದು ಲೇಸ್‌ವಿಂಗ್‌ನದು, ಅದರ ಮರಿಯೂ ಇದೇ ಕಸುಬಿನದು. ಪರತಂತ್ರ ಕಣಜಗಳು ಇನ್ನೂ ಚಿಕ್ಕವು; ಕಣ್ಣಿಗೆ ಕಾಣುವುದೇ ಕಷ್ಟ. ಇವು ಬೇರೆ ಕೀಟದ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದ ಮುಗಿಸುತ್ತವೆ. ಚಿಟ್ಟೆಯ ಮರಿಗಳೂ ಇವುಗಳ ಪಾಲಾಗುತ್ತವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ನಾವು ಇಟ್ಟ ಮರಿಗಳಲ್ಲಿ ಹೆಚ್ಚಿನವು ಚಿಟ್ಟೆಯಾಗುವುದಿಲ್ಲ, ಹಾಗೆ ಆಗಬೇಕಾದ್ದೂ ಇಲ್ಲ.

ರೊಬಸ್ಟಾ ಕಾಫಿ ಬೆಳೆಯುವವರಿಗೆ ಬೇಸಿಗೆಯಲ್ಲಿ ಹಿಟ್ಟು ತಿಗಣೆಯ ಕಾಟ ಹೊಸದಲ್ಲ. ಅದರ ಶತ್ರುವಾದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದದ್ದು 1898ರಲ್ಲಿ. ಹಿಟ್ಟು ತಿಗಣೆಯನ್ನೇ ಹುಡುಕುವ ಲೆಪ್ಟೊಮ್ಯಾಸ್ಟಿಕ್ಸ್ ಎಂಬ ಪರತಂತ್ರ ಕಣಜವನ್ನು ವೆಸ್ಟ್ ಇಂಡೀಸ್‌ನಿಂದ ತಂದದ್ದು 1983ರಲ್ಲಿ. ಕ್ರಿಪ್ಟೊಲೀಮಸ್‌ನ ಮರಿಯನ್ನು ಗುರುತಿಸಲು ಕಲಿಯದವರು ತಮ್ಮ ಮಿತ್ರನನ್ನೇ ಹೊಸಕಿ ಹಾಕುವ ಸಂಭವ ಹೆಚ್ಚು, ಏಕೆಂದರೆ ಅದರ ಮೈಮೇಲೂ ತಿಗಣೆಯದರಂತೆಯೇ ಬಿಳಿ ಮೇಣದ ಎಳೆಗಳಿರುತ್ತವೆ. ಗಂಟಿನ ಬಳಿ ಗುಂಪುಗಟ್ಟಿ ಅಲುಗಾಡದೆ ಕುಳಿತಿರುವ, ಮೂರು ನಾಲ್ಕು ಮಿಲಿಮೀಟರಿನ ಬಿಳಿ ಚುಕ್ಕೆಗಳು ತಿಗಣೆ. ಅವುಗಳ ನಡುವೆ ಅದಕ್ಕಿಂತ ಎರಡು ಮೂರು ಪಟ್ಟು ಉದ್ದವಾಗಿ, ಎಳೆಗಳನ್ನು ಜೋಲಿಸುತ್ತ ಚುರುಕಾಗಿ ಓಡಾಡುತ್ತಿರುವುದು ಮಿತ್ರ. ಕಡ್ಡಿಯಿಂದ ತಿರುವಿ ನೋಡಿದರೆ ಕೆಳಗೆ ಆರು ಕಾಲುಗಳು ಸ್ಪಷ್ಟವಾಗಿ ಕಾಣುತ್ತವೆ. ಇವುಗಳ ಕೆಲಸಕ್ಕೆ ಅಡ್ಡಿಯಾಗುವುದು ಇರುವೆಗಳು. ತಿಗಣೆ ಒಸರುವ ಸಿಹಿಗಾಗಿ ಇರುವೆ ಅದನ್ನು ಕಾವಲು ಕಾಯುತ್ತದೆ, ಕಣಜವನ್ನೂ ಗುಲಗಂಜಿ ಹುಳುವನ್ನೂ ಹತ್ತಿರ ಬಿಡುವುದಿಲ್ಲ. ಕಾಫಿ ಗಿಡಕ್ಕೆ ತಾಗಿದ ಕಳೆ, ಕೊಂಬೆಗಳನ್ನು ತೆಗೆದು ಇರುವೆಯ ದಾರಿ ಕತ್ತರಿಸಿದರೆ ಉಳಿದದ್ದನ್ನು ಈ ಮಿತ್ರ ಕೀಟಗಳು ನೋಡಿಕೊಳ್ಳುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ, ಹೂಗಿಡ ನೆಟ್ಟರೆ ತೋಟದ ಕೀಟಗಳೆಲ್ಲ ಮಾಯವಾಗುತ್ತವೆ ಎಂಬ ಮಾತನ್ನು ಯಾರಾದರೂ ಹೇಳಿದರೆ ನಂಬಬೇಡಿ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ನಂತರ ಕೊಡಗಿಗೂ ಬಂದ ಬೆರ್ರಿ ಬೋರರ್ ಕಾಫಿ ಕಾಯಿಯ ಒಳಗೆ ಬದುಕುವ ಕೀಟ. ಗಿಡದಲ್ಲಿಯೂ ನೆಲದಲ್ಲಿಯೂ ಒಂದು ಕಾಯಿ ಉಳಿಯದಂತೆ ಆಯುವುದಕ್ಕೆ ಬದಲಿಯಾದ ಉಪಾಯ ಕೈತೋಟದಲ್ಲಿಲ್ಲ. ಅರೇಬಿಕಾ ಕಾಫಿಯ ಬಿಳಿ ಕಾಂಡ ಕೊರಕಕ್ಕೂ ಸರಿಯಾದ ನೆರಳು ಮತ್ತು ಕೊರಕ ಹಿಡಿದ ಗಿಡಗಳನ್ನು ಕಿತ್ತು ಸುಡುವುದೇ ಮದ್ದು.

ಜೇನಿನ ಲೆಕ್ಕ ಬೇರೆ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಇನ್ನೊಂದು ಗಿಡದ ಪರಾಗವೇ ಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಹತ್ತು ದಿನದೊಳಗೆ ಇಡೀ ತೋಟ ಒಮ್ಮೆಲೇ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಹೂವು ಕಂದಿ ಹೋಗುತ್ತದೆ. ಆ ಎರಡು ಮೂರು ದಿನದಲ್ಲಿ ಹೆಜ್ಜೇನು, ತುಡುವೆ, ಮುಜಂಟಿಗಳು ಎಷ್ಟು ಓಡಾಡುತ್ತವೋ ಅಷ್ಟು ಒಳ್ಳೆಯದು. ಆದರೆ ಉಳಿದ ವರ್ಷವೆಲ್ಲ ಅವು ಏನು ತಿನ್ನಬೇಕು ಎಂಬುದನ್ನು ತೋಟದವರು ಯೋಚಿಸುವುದು ಕಡಿಮೆ. ಒಂದು ಕಾಲದಲ್ಲಿ ಕೊಡಗಿನ ಜೇನು ಎಂದರೆ ರಾಜ್ಯಕ್ಕೇ ಹೆಸರಾಗಿತ್ತು. 1990ರ ದಶಕದ ಆರಂಭದಲ್ಲಿ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತುಡುವೆಯ ಪೆಟ್ಟಿಗೆಗಳನ್ನು ಸಾಲುಸಾಲಾಗಿ ಖಾಲಿ ಮಾಡಿತು. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ಜೇನಿಗೆ ನಿಜವಾದ ಬರಗಾಲ. ನಾಚಿಕೆ ಮುಳ್ಳು, ಕಾಡು ಕರ್ಣಕುಂಡಲ, ತುಳಸಿಯಂಥ, ಮಳೆಯ ನಡುವಿನ ಬಿಸಿಲಿಗೂ ಹೂ ಬಿಚ್ಚುವ ಗಿಡಗಳು ಬದುವಿನಲ್ಲಿದ್ದರೆ ಅದೇ ಆಧಾರ. ದೊಡ್ಡ ಕಪ್ಪು ದುಂಬಿಗಳು ಒಣ ಕೊಂಬೆಯಲ್ಲಿ ತೂತು ಕೊರೆದು, ನೀಲಿ ಪಟ್ಟೆಯ ಒಂಟಿ ಜೇನುಗಳು ಮಣ್ಣಿನ ಗೋಡೆಯಲ್ಲಿ ಗೂಡು ಮಾಡುತ್ತವೆ. ಒಣ ಮರವನ್ನೆಲ್ಲ ಸೌದೆಗೆ ಸೀಳದೆ ಒಂದೆರಡು ತುಂಡನ್ನು ಬೇಲಿಯ ಬಳಿ ಬಿಡುವುದರಿಂದ ನಷ್ಟವಿಲ್ಲ.

ಸಿಂಪಡಣೆಯ ಬಗ್ಗೆ ಹೇಳಲೇಬೇಕಾದ ಒಂದು ಮಾತಿದೆ. ರಾಸಾಯನಿಕ ಕೀಟನಾಶಕ ಚಿಟ್ಟೆಯ ಮರಿಯನ್ನು ಕೊಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಜೈವಿಕ ಎಂದು ಡಬ್ಬಿಯ ಮೇಲೆ ಬರೆದಿರುವ ಬಿಟಿ ಪುಡಿ ಕೂಡ ಮರಿಹುಳುಗಳನ್ನು ಕೊಲ್ಲಲೆಂದೇ ಇರುವ ಬ್ಯಾಕ್ಟೀರಿಯಾ. ಅದಕ್ಕೆ ಎಲೆಕೋಸಿನ ಹುಳು ಯಾವುದು, ಬ್ಲೂ ಮಾರ್ಮನ್‌ನ ಮರಿ ಯಾವುದು ಎಂಬ ಭೇದ ತಿಳಿಯದು. ಬೇವಿನೆಣ್ಣೆಯೂ ಎಳೆ ಮರಿಗಳನ್ನು ಬಿಡುವುದಿಲ್ಲ. ಹಾಗಾಗಿ ತರಕಾರಿ ಮಡಿಗೆ ಸಿಂಪಡಿಸುವಾಗ ಗಾಳಿ ಯಾವ ಕಡೆಗಿದೆ ಎಂದು ನೋಡಿಕೊಳ್ಳಬೇಕು, ಕಿತ್ತಳೆ ಮತ್ತು ಈಶ್ವರ ಬಳ್ಳಿಯ ಬೇಲಿಯನ್ನು ಅದರಿಂದ ದೂರವಿಡಬೇಕು. ಕಳೆ ಹೊಡೆಯುವ ಯಂತ್ರವನ್ನು ಒಂದೇ ದಿನ ಬದುವಿನುದ್ದಕ್ಕೂ ಓಡಿಸದೆ, ಅರ್ಧವನ್ನು ಈಗ, ಉಳಿದರ್ಧವನ್ನು ಮೊದಲಿನದು ಚಿಗುರಿದ ಮೇಲೆ ಹೊಡೆಸಿದರೆ ಹುಲ್ಲಿನಲ್ಲಿರುವ ಮರಿಗಳಿಗೆ ಪಕ್ಕಕ್ಕೆ ಸರಿಯಲು ಜಾಗ ಸಿಗುತ್ತದೆ. ಕೆಲಸಕ್ಕೆ ಬರುವವರಿಗೆ ಇದನ್ನು ವಿವರಿಸಲು ಸ್ವಲ್ಪ ತಾಳ್ಮೆ ಬೇಕು. ಅರ್ಧ ಬಿಟ್ಟ ಕೆಲಸವೆಂದರೆ ಅವರಿಗೂ ಮುಜುಗರ, ನೋಡಿದ ನೆರೆಯವರಿಗೂ ಮಾತಿಗೆ ವಿಷಯ.

ಬರುವ ಮೇ ತಿಂಗಳ ಮಳೆಗೆ ಗಡಿಯ ಬೇಲಿಗೆ ಜುಮ್ಮನಕಾಯಿಯ ಸಸಿಗಳನ್ನು ಸೇರಿಸಬೇಕೆಂದಿದ್ದೇನೆ. ಕಾಂಡದ ತುಂಬ ಮುಳ್ಳಿರುವ ಈ ಮರ ಎತ್ತರಕ್ಕೆ ಬೆಳೆಯುತ್ತದೆ, ಅಂಗಳದಲ್ಲಿ ಇದಕ್ಕೆ ಜಾಗವಿಲ್ಲ. ಕೇರಳ ತನ್ನ ರಾಜ್ಯ ಚಿಟ್ಟೆಯೆಂದು ಘೋಷಿಸಿಕೊಂಡಿರುವ, ಪಶ್ಚಿಮ ಘಟ್ಟವನ್ನು ಬಿಟ್ಟು ಬೇರೆಲ್ಲಿಯೂ ಸಿಗದ ಮಲಬಾರ್ ಬ್ಯಾಂಡೆಡ್ ಪೀಕಾಕ್ ಮೊಟ್ಟೆಯಿಡುವುದು ಇದರ ಎಲೆಗೆ. ಮರಗಸಿಯವರು ಅದನ್ನು ಮುಳ್ಳಿನ ಮರವೆಂದು ಕಡಿಯದಂತೆ ಬುಡಕ್ಕೆ ಸುಣ್ಣ ಬಳಿಯಬೇಕೆಂದು ಮನೆಯಲ್ಲಿ ಈಗಲೇ ಹೇಳಿಟ್ಟಿದ್ದೇನೆ.